ಗಡಿ ದಾಟುವ ಬಾಟಲಿ ಮತ್ತು ರಾಜ್ಯದ ಮನಸ್ಸಾಕ್ಷಿ

ಅಮೆರಿಕದ ಅಯೋವಾ ರಾಜ್ಯದ ಕಿಯೋಕಕ್ ಪಟ್ಟಣದಲ್ಲಿ ಹಾರ್ಡಿನ್ ಎಂಬ ಅಧಿಕಾರಿ ಬಿಯರ್ ಪೀಪಾಯಿಗಳನ್ನು ಜಪ್ತಿ ಮಾಡಿದ. ಅಯೋವಾದಲ್ಲಿ ಪಾನನಿಷೇಧವಿತ್ತು, ಬಿಯರ್ ಬಂದದ್ದು ಪಕ್ಕದ ಇಲಿನಾಯ್‌ನ ಪಿಯೋರಿಯಾದಿಂದ, ಲೈಸಿ ಕುಟುಂಬದ ಬ್ರೂವರಿಯಿಂದ. ಪೀಪಾಯಿಗಳ ಮುಚ್ಚಳ ತೆರೆದಿರಲಿಲ್ಲ, ಪೆಟ್ಟಿಗೆಗಳ ಮೊಹರು ಒಡೆದಿರಲಿಲ್ಲ. 1890ರಲ್ಲಿ ಸುಪ್ರೀಂ ಕೋರ್ಟ್ ಲೈಸಿಗಳನ್ನು ಗೆಲ್ಲಿಸಿದ್ದು ಆ ಮೊಹರಿನ ಬಲದ ಮೇಲೆಯೇ. ಹೊರಗಿನ ಸರಕು ಮೂಲ ಪೊಟ್ಟಣದಲ್ಲಿ ಇರುವ ತನಕ ಅದು ಅಂತರರಾಜ್ಯ ವ್ಯಾಪಾರ, ರಾಜ್ಯ ಅದನ್ನು ಮುಟ್ಟುವಂತಿಲ್ಲ ಎಂದಿತು.

ಮೇಲ್ನೋಟಕ್ಕೆ ಇದು ವ್ಯಾಪಾರದ ತಕರಾರು. ಒಳಗಿರುವುದು ಧರ್ಮದ ಪ್ರಶ್ನೆ. ಕುಡಿತ ಪಾಪ, ಕುಟುಂಬಗಳನ್ನು ಹಾಳುಮಾಡುವ ಪಿಡುಗು ಎಂದು ಒಂದು ಸಮುದಾಯ ನಿಶ್ಚಯಿಸಿಕೊಂಡರೆ, ಆ ನಿಶ್ಚಯ ಗಡಿಯಾಚೆಯ ವ್ಯಾಪಾರಿಯನ್ನೂ ಕಟ್ಟಿಹಾಕಬಹುದೇ? ಜಾನ್ ಸ್ಟುವರ್ಟ್ ಮಿಲ್ 1859ರಲ್ಲೇ ಪಾನನಿಷೇಧವನ್ನು ಟೀಕಿಸಿದ್ದರು. ಮಾರುವವನನ್ನು ತಡೆದರೆ ಕೊಳ್ಳುವವನ ಸ್ವಾತಂತ್ರ್ಯವನ್ನೇ ಕಸಿದಂತೆ ಎಂಬುದು ಅವರ ವಾದ. ಮೆಥಡಿಸ್ಟ್ ಚರ್ಚುಗಳೂ ಮಹಿಳಾ ಸಂಘಟನೆಗಳೂ ಇದನ್ನು ಒಪ್ಪಲಿಲ್ಲ. ಗಂಡನ ಕೂಲಿಯೆಲ್ಲ ಹೆಂಡದಂಗಡಿಗೆ ಹೋದ ಮನೆಯಲ್ಲಿ ಹೆಂಡತಿ ಮಕ್ಕಳ ಸ್ವಾತಂತ್ರ್ಯ ಏನಾಯಿತು ಎಂಬ ಅವರ ಪ್ರಶ್ನೆಗೆ ಮಿಲ್ ವಾದದಲ್ಲಿ ಸಮಾಧಾನಕರ ಉತ್ತರ ಸಿಗುವುದಿಲ್ಲ.

1913ರಲ್ಲಿ ಅಮೆರಿಕದ ಸಂಸತ್ತು ಅಧ್ಯಕ್ಷ ಟಾಫ್ಟ್ ಅವರ ವೀಟೊವನ್ನೂ ಮೀರಿ ವೆಬ್-ಕೆನ್ಯನ್ ಕಾಯ್ದೆ ತಂದಿತು. ರಾಜ್ಯದ ಕಾನೂನು ಮುರಿದು ಮದ್ಯ ಸಾಗಿಸುವುದು ನಿಷಿದ್ಧವಾಯಿತು. ಬಳಿಕ ಇಡೀ ದೇಶವೇ ಪಾನನಿಷೇಧಕ್ಕೆ ಒಳಗಾಯಿತು. 1933ರ ಡಿಸೆಂಬರ್ 5ರಂದು 21ನೇ ತಿದ್ದುಪಡಿ ಅದನ್ನು ಕೊನೆಗಾಣಿಸಿತು, ಆದರೆ ಮದ್ಯದ ಆಮದನ್ನು ನಿಯಂತ್ರಿಸುವ ಅಧಿಕಾರವನ್ನು ರಾಜ್ಯಗಳ ಕೈಯಲ್ಲೇ ಬಿಟ್ಟಿತು. ತಿದ್ದುಪಡಿಗೆ ಬೇಕಿದ್ದ 36ನೇ ಅನುಮೋದನೆ ಕೊಟ್ಟದ್ದು ಮದ್ಯ ಮುಟ್ಟಬಾರದೆಂಬ ಮಾರ್ಮನ್ ಧರ್ಮದ ನೆಲೆಯಾದ ಯೂಟಾ. ತನ್ನ ವ್ರತವನ್ನು ದೇಶದ ಮೇಲೆ ಹೇರದೆ, ತನ್ನ ಮಟ್ಟಿಗೆ ಉಳಿಸಿಕೊಳ್ಳುವ ದಾರಿ ಅದರಿಂದ ತೆರೆಯಿತು.

ವೆಬ್-ಕೆನ್ಯನ್ ಕಾಯ್ದೆಗೆ ಹಲ್ಲಿರಲಿಲ್ಲ. ಅಂತರ್ಜಾಲದಲ್ಲಿ ವೈನ್ ಮಾರಾಟ ಶುರುವಾದ ಮೇಲೆ ಈ ಕೊರತೆ ಎದ್ದು ಕಂಡಿತು. ಕ್ಯಾಲಿಫೋರ್ನಿಯಾದ ಮಾರಾಟಗಾರನನ್ನು ಯೂಟಾದ ನ್ಯಾಯಾಲಯಕ್ಕೆ ಎಳೆತರುವುದು ಸುಲಭದ ಮಾತಲ್ಲ. 2000ದಲ್ಲಿ ಯೂಟಾದವರೇ ಆದ ಸೆನೆಟರ್ ಆರಿನ್ ಹ್ಯಾಚ್ ಮುಂದಾಳುತನದಲ್ಲಿ ಹೊಸ ಕಾಯ್ದೆ ಬಂತು: ರಾಜ್ಯದ ಅಟಾರ್ನಿ ಜನರಲ್ ನೇರವಾಗಿ ಫೆಡರಲ್ ನ್ಯಾಯಾಲಯಕ್ಕೆ ಹೋಗಿ ತಡೆಯಾಜ್ಞೆ ಕೇಳಬಹುದು. 2020ರಲ್ಲಿ ಒಹಾಯೊ ಇದೇ ಕಾಯ್ದೆಯಡಿ ಹೊರರಾಜ್ಯದ ಮಾರಾಟಗಾರರ ಮೇಲೆ ದಾವೆ ಹೂಡಿತು.

ಈ ಬಲವನ್ನು ಯಾವುದಕ್ಕೆ ಬಳಸಲಾಗುತ್ತಿದೆ ಎಂಬುದೇ ಮುಖ್ಯ. ಮಿಷಿಗನ್ ಮತ್ತು ನ್ಯೂಯಾರ್ಕ್ ತಮ್ಮ ವೈನರಿಗಳು ಗ್ರಾಹಕರ ಮನೆಗೇ ವೈನ್ ಕಳುಹಿಸಲು ಬಿಟ್ಟು, ಹೊರಗಿನವರನ್ನು ತಡೆದಿದ್ದವು. ವರ್ಜೀನಿಯಾದಲ್ಲಿ ಸಣ್ಣ ದ್ರಾಕ್ಷಿತೋಟ ನಡೆಸುತ್ತಿದ್ದ ಹುವಾನಿಟಾ ಸ್ವೀಡನ್‌ಬರ್ಗ್ ನ್ಯೂಯಾರ್ಕ್ ವಿರುದ್ಧ ಮೊಕದ್ದಮೆ ಹೂಡಿದರು. 2005ರಲ್ಲಿ ಸುಪ್ರೀಂ ಕೋರ್ಟ್ 5-4ರ ಬಹುಮತದಿಂದ ಎರಡೂ ರಾಜ್ಯಗಳ ತಾರತಮ್ಯವನ್ನು ತಳ್ಳಿಹಾಕಿತು. ಪಾನನಿಷೇಧದ ಕಾಲದಲ್ಲಿ ಹುಟ್ಟಿ ಬೆಳೆದ ನ್ಯಾಯಮೂರ್ತಿ ಸ್ಟೀವನ್ಸ್, 21ನೇ ತಿದ್ದುಪಡಿ ತಂದ ತಲೆಮಾರಿಗೆ ಮದ್ಯವೆಂದರೆ ಬರೀ ಸರಕಲ್ಲ, ನೈತಿಕ ಪ್ರಶ್ನೆ ಎಂದು ಭಿನ್ನಮತ ಬರೆದರು. ಇತಿಹಾಸದ ಮಟ್ಟಿಗೆ ಅವರ ಮಾತು ಸರಿ. ಆದರೆ ಆ ಎರಡು ರಾಜ್ಯಗಳ ಕಾನೂನಿನಲ್ಲಿ ಆ ನೈತಿಕತೆ ಎಲ್ಲಿತ್ತು?

ಭಾರತದಲ್ಲಿ ಲೈಸಿಗಳ ಮೊಹರಿನ ವಾದಕ್ಕೆ ಬೇರೆ ತಿರುವು ಸಿಕ್ಕಿತು. ಪಾನನಿಷೇಧವನ್ನು ಪ್ರಶ್ನಿಸಿದ್ದ 1951ರ ಬಲ್ಸಾರಾ ಪ್ರಕರಣದಲ್ಲಿ ನಮ್ಮ ಸುಪ್ರೀಂ ಕೋರ್ಟ್, ಅಮೆರಿಕದ ಮೂಲ ಪೊಟ್ಟಣದ ಸಿದ್ಧಾಂತ ಇಲ್ಲಿ ಅನ್ವಯಿಸದು ಎಂದು ಬದಿಗಿಟ್ಟಿತು.

ಮತ್ತೆ ಅಮೆರಿಕಕ್ಕೆ ಮರಳಿದರೆ, ತನ್ನವರಿಗೂ ಹೊರಗಿನವರಿಗೂ ಒಂದೇ ನಿಯಮ ಹಾಕುವ ರಾಜ್ಯಕ್ಕೆ ಫೆಡರಲ್ ನ್ಯಾಯಾಲಯ ಬೆಂಬಲವಾಗಿ ನಿಲ್ಲುವುದು ನ್ಯಾಯ. ಊರಿನ ವ್ಯಾಪಾರಿಗೆ ಬಾಗಿಲು ತೆರೆದು ಪರವೂರಿನವನಿಗೆ ಮುಚ್ಚುವ ರಾಜ್ಯ ಮನಸ್ಸಾಕ್ಷಿಯ ಹೆಸರು ಹೇಳಿಕೊಂಡು ಆ ಬೆಂಬಲ ಕೇಳಬಾರದು.