ಇಂಡಿಕೇಟರ್ ಯಾವ ಕೈಗೆ ಸೇರಿದ್ದು?

ಮಾರುತಿ ಅಥವಾ ಹ್ಯುಂಡೈ ಓಡಿಸಿ ರೂಢಿಯಾದವರು ಮೊದಲ ಸಲ ಫೋಕ್ಸ್‌ವ್ಯಾಗನ್ ಪೋಲೊ ಅಥವಾ ಸ್ಕೋಡಾ ಹತ್ತಿದರೆ ಏನಾಗುತ್ತದೆ ಎಂದು ನಮ್ಮಲ್ಲಿ ಅನೇಕರಿಗೆ ಗೊತ್ತು. ತಿರುವು ಬಂತೆಂದು ಸ್ಟೀರಿಂಗಿನ ಬಲಬದಿಯ ಲಿವರ್ ತಳ್ಳಿದರೆ ಬಿರುಬಿಸಿಲಿನಲ್ಲಿ ವೈಪರ್ ಆಡತೊಡಗುತ್ತದೆ. ಪಕ್ಕದಲ್ಲಿ ಕೂತವರು ನಗುತ್ತಾರೆ. ಒಂದು ವಾರದಲ್ಲಿ ಕೈ ಹೊಸ ಪಾಠ ಕಲಿಯುತ್ತದೆ, ವಿಷಯ ಅಲ್ಲಿಗೆ ಮುಗಿಯುತ್ತದೆ. ಆದರೆ ಈ ನಗೆಯ ಹಿಂದೆ ಒಂದು ಗಂಭೀರ ಪ್ರಶ್ನೆಯಿದೆ ಎಂದು ನನಗೆ ಅನ್ನಿಸುತ್ತದೆ. ಒಂದು ವಸ್ತುವಿಗೂ ಮನುಷ್ಯನಿಗೂ ಹೊಂದಾಣಿಕೆ ಆಗದಿದ್ದಾಗ ಬದಲಾಗಬೇಕಾದವರು ಯಾರು?

ಮೊದಲು ಯಂತ್ರದ ಮಾತು. ನಾವು ರಸ್ತೆಯ ಎಡಕ್ಕೆ ಓಡಿಸುವವರು, ನಮ್ಮ ಸ್ಟೀರಿಂಗ್ ಬಲಕ್ಕೆ. ಹಾಗಾಗಿ ಗೇರ್ ಎಡಗೈ ಪಾಲು. ತಿರುವಿನ ಹತ್ತಿರ ಗೇರ್ ಇಳಿಸುವಾಗ ಬಿಡುವಾಗಿರುವುದು ಬಲಗೈ. ಸ್ಟೀರಿಂಗ್ ಬಿಡದೆ ಅದರ ಬೆರಳುಗಳೇ ಇಂಡಿಕೇಟರ್ ಹಾಕಬಹುದು. ಜರ್ಮನಿಯಲ್ಲಿ ಇದು ತಿರುಗುಮುರುಗು. ಅಲ್ಲಿ ಗೇರ್ ಬಲಗೈಗೆ, ಇಂಡಿಕೇಟರ್ ಎಡಗೈಗೆ. ಎರಡೂ ಕಡೆ ತರ್ಕ ಒಂದೇ: ಬಾಗಿಲ ಕಡೆಯ ಕೈಗೆ ಇಂಡಿಕೇಟರ್, ನಡುವಿನ ಕೈಗೆ ಗೇರ್. ಜಪಾನ್ ನಮ್ಮಂತೆ ಎಡಬದಿಯ ದೇಶವಾದ್ದರಿಂದ ಅಲ್ಲಿಂದ ಬಂದ ವಿನ್ಯಾಸಗಳಲ್ಲಿ ಲಿವರ್ ಬಲಕ್ಕಿದೆ. ಯುರೋಪಿನ ಕಂಪನಿಗಳು ಮಾತ್ರ ಸ್ಟೀರಿಂಗನ್ನು ಬಲಕ್ಕೆ ತಂದರೂ ಲಿವರನ್ನು ತಮ್ಮ ಊರಿನಲ್ಲಿದ್ದ ಕಡೆಯೇ ಉಳಿಸಿಕೊಂಡವು. ಫಲವಾಗಿ ನಮ್ಮ ಎಡಗೈಗೆ ಎರಡು ಕೆಲಸ, ಬಲಗೈಗೆ ವೈಪರ್.

ಗಮನಿಸಿ, ಇಬ್ಬರಿಗೂ ಕೊಟ್ಟದ್ದು ಒಂದೇ: ಲಿವರ್ ಎಡಕ್ಕೆ. ಆದರೆ ಇಬ್ಬರಿಗೂ ಸಿಕ್ಕಿದ್ದು ಒಂದೇ ಅಲ್ಲ. ಒಬ್ಬನಿಗೆ ಅನುಕೂಲ, ಇನ್ನೊಬ್ಬನಿಗೆ ಅಭ್ಯಾಸ ಮಾಡಿಕೊಳ್ಳುವ ಕೆಲಸ. ಏಕರೂಪತೆ ಮತ್ತು ಸಮಾನತೆ ಬೇರೆಬೇರೆ ಎಂದು ತೋರಿಸಲು ಇದಕ್ಕಿಂತ ಸರಳ ಉದಾಹರಣೆ ನನಗೆ ತಿಳಿದಿಲ್ಲ.

ಕಂಪನಿಗಳ ವಾದವನ್ನೂ ಕೇಳಬೇಕು. ಜಗತ್ತಿಗೆಲ್ಲ ಒಂದೇ ಬಿಡಿಭಾಗ ಮಾಡಿದರೆ ಖರ್ಚು ಕಡಿಮೆ, ಪರೀಕ್ಷೆ ಸುಲಭ. ಎಡಬದಿಯ ದೇಶಗಳಲ್ಲಿರುವುದು ಜಗತ್ತಿನ ಜನಸಂಖ್ಯೆಯ ಸುಮಾರು ಮೂರನೇ ಒಂದು ಭಾಗ ಮಾತ್ರ. ಸಾಫ್ಟ್‌ವೇರ್ ಪ್ರಾಜೆಕ್ಟುಗಳ ಎಸ್ಟಿಮೇಟ್ ಹಾಕುವ ನನಗೆ ಈ ಭಾಷೆ ಚೆನ್ನಾಗಿ ಪರಿಚಯ. 'ಬಳಕೆದಾರರು ಹೊಂದಿಕೊಳ್ಳುತ್ತಾರೆ' ಎಂಬ ಒಂದು ಸಾಲು ಎಷ್ಟೋ ದಿನಗಳ ಕೆಲಸವನ್ನು ಉಳಿಸುತ್ತದೆ. ಆ ಸಾಲು ಸುಳ್ಳೂ ಅಲ್ಲ. ಊರು ಬಿಟ್ಟು ಬಂದ ನಮಗೆ ಇದರ ಅನುಭವವಿದೆ. ಪುಣೆಯಲ್ಲೋ ದೆಹಲಿಯಲ್ಲೋ ಫಾರಂ ತುಂಬುವಾಗ 'ಸರ್‌ನೇಮ್' ಕಡ್ಡಾಯ. ಇನಿಷಿಯಲ್ ಮಾತ್ರ ಇರುವವರು ಅಪ್ಪನ ಹೆಸರನ್ನೋ ಊರಿನ ಹೆಸರನ್ನೋ ಅಲ್ಲಿ ತುರುಕುತ್ತೇವೆ. ಹೊಂದಿಕೊಳ್ಳುತ್ತೇವೆ, ನಿಜ. ಆದರೆ ಹೊಂದಿಕೊಳ್ಳಲು ಸಾಧ್ಯ ಎಂದ ಮಾತ್ರಕ್ಕೆ ಅದು ಪುಕ್ಕಟೆ ಎಂದಲ್ಲ. ಖರ್ಚು ಕಂಪನಿಯ ಲೆಕ್ಕದಿಂದ ಕೋಟಿ ಜನರ ಲೆಕ್ಕಕ್ಕೆ ಚಿಲ್ಲರೆಯಾಗಿ ಹಂಚಿಹೋಗಿರುತ್ತದೆ, ಅಷ್ಟೇ. ಚಿಲ್ಲರೆಯಾದ್ದರಿಂದ ಯಾರೂ ಎಣಿಸುವುದಿಲ್ಲ.

ಹಾಗಾದರೆ ಎಲ್ಲವನ್ನೂ ಕನ್ನಡಿಯಲ್ಲಿ ಕಂಡಂತೆ ಅದಲುಬದಲು ಮಾಡುವುದೇ ನ್ಯಾಯವೇ? ಅದೂ ಅಲ್ಲ. ಕಾರಿನ ಪೆಡಲುಗಳನ್ನು ನೋಡಿ. ಸ್ಟೀರಿಂಗ್ ಎಡಕ್ಕಿರಲಿ ಬಲಕ್ಕಿರಲಿ, ಕ್ಲಚ್ ಎಡಕ್ಕೆ, ಬ್ರೇಕ್ ನಡುವೆ, ಆಕ್ಸಿಲರೇಟರ್ ಬಲಕ್ಕೆ. ಹಿಂದೆ ಹೀಗಿರಲಿಲ್ಲ, ಎರಡನೇ ಮಹಾಯುದ್ಧಕ್ಕೆ ಮುಂಚಿನ ಯುರೋಪಿನ ಹಲವು ಕಾರುಗಳಲ್ಲಿ ಆಕ್ಸಿಲರೇಟರ್ ನಡುವಿನಲ್ಲಿತ್ತು. ಒಂದೊಂದು ಕಾರಿನಲ್ಲಿ ಒಂದೊಂದು ಕಡೆ ಇದ್ದರೆ ಗಾಬರಿಯಲ್ಲಿ ಕಾಲು ಹಳೆಯ ಜಾಗವನ್ನೇ ಹುಡುಕುತ್ತದೆ, ಜೀವ ಹೋಗುತ್ತದೆ. ನಮ್ಮ ಬೈಕುಗಳಲ್ಲೂ ಇದನ್ನು ಕಂಡಿದ್ದೇವೆ. ಹಳೆಯ ಬುಲೆಟ್‌ನಲ್ಲಿ ಗೇರ್ ಬಲಗಾಲಿಗೆ, ಬ್ರೇಕ್ ಎಡಗಾಲಿಗೆ. ಮೈಸೂರಿನಲ್ಲಿ ತಯಾರಾಗುತ್ತಿದ್ದ ಯೆಜ್ದಿಯಲ್ಲಿ ಗೇರ್ ಎಡಗಾಲಿಗೆ. ಒಂದರಿಂದ ಇನ್ನೊಂದಕ್ಕೆ ಹತ್ತಿದವರು ಬ್ರೇಕ್ ಎಂದು ಗೇರ್ ಒತ್ತುವ ಅಪಾಯ ಸದಾ ಇತ್ತು. ಕೊನೆಗೆ ಬುಲೆಟ್ಟೂ ಎಡಗಾಲಿನ ಗೇರಿಗೆ ಬಂತು. ಬುಲೆಟ್ ಪ್ರಿಯರಲ್ಲಿ ಕೆಲವರಿಗೆ ಈಗಲೂ ಬೇಸರವಿದೆ. ಆದರೂ ಇಲ್ಲಿ ಏಕರೂಪತೆಯೇ ಸರಿ.

ಅರಿಸ್ಟಾಟಲ್ ನೀತಿಶಾಸ್ತ್ರದ ತನ್ನ ಗ್ರಂಥದಲ್ಲಿ ಲೆಸ್ಬಾಸ್ ದ್ವೀಪದ ಕಟ್ಟಡ ಕೆಲಸದವರ ಸೀಸದ ಅಳತೆಪಟ್ಟಿಯ ಮಾತೆತ್ತುತ್ತಾನೆ. ಅದು ಕಲ್ಲಿನ ಆಕಾರಕ್ಕೆ ತಕ್ಕಂತೆ ಬಾಗುತ್ತದೆ. ನಿಯಮ ಎಲ್ಲರಿಗೂ ಒಂದೇ ಆಗಿ ಬರೆದಿದ್ದರೂ ಎದುರಿಗಿರುವ ಸಂದರ್ಭಕ್ಕೆ ತುಸು ಬಾಗಿದರೆ ಮಾತ್ರ ಅದು ನ್ಯಾಯ ಎಂಬುದು ಅವನ ಆಶಯ. ಆದರೆ ಬಾಗುವ ಪಟ್ಟಿಯಿಂದ ಎಲ್ಲವನ್ನೂ ಅಳೆಯಲಾಗುವುದಿಲ್ಲ. ಎಲ್ಲಿ ಬಾಗಬೇಕು, ಎಲ್ಲಿ ಬಾಗಬಾರದು ಎಂದು ಹೇಳುವುದಕ್ಕೆ ಇನ್ನೊಂದು ಪ್ರಶ್ನೆ ಬೇಕು: ಕೈತಪ್ಪಿದರೆ ಅದರ ಬೆಲೆ ತೆರುವವರು ಯಾರು?

ಇಲ್ಲಿ ಒಬ್ಬರನ್ನು ಮರೆಯುತ್ತೇವೆ. ಕಾರು ಕೊಂಡವನಿಗೆ ಒಂದು ವಾರ ಸಾಕು. ಆದರೆ ಮುಂಬೈಯ ಹೋಟೆಲಿನ ಮುಂದೆ ಕೀಲಿ ಪಡೆಯುವ ವ್ಯಾಲೆಟ್ ಹುಡುಗ, ದಿನಗೂಲಿಗೆ ಕರೆಸಿಕೊಳ್ಳುವ ಡ್ರೈವರ್, ಗ್ಯಾರೇಜಿನಿಂದ ಗಾಡಿ ತಂದುಕೊಡುವವನು ದಿನಕ್ಕೆ ಐದು ಕಾರು ಹತ್ತಿ ಇಳಿಯುತ್ತಾರೆ. ಯಾವ ಕಾರು ಎಂದು ಆರಿಸಿದ್ದು ಬೇರೆಯವರು, ತಡಕಾಡುವ ಕೈ ಇವರದ್ದು. ತಪ್ಪಾಗಿ ವೈಪರ್ ಹಾಕಿದಾಗ ಮಾಲೀಕನ ಕಣ್ಣಿನಲ್ಲಿ 'ಗಾಡಿ ಬರಲ್ಲ' ಎಂಬ ತೀರ್ಪು ಮೂಡುತ್ತದೆ. ವಿನ್ಯಾಸದ ದೋಷ ಕ್ಷಣದಲ್ಲಿ ಮನುಷ್ಯನ ದೋಷವಾಗುತ್ತದೆ. ಇನ್ನೂ ಮುಖ್ಯವಾದವನು ಹಿಂದೆ ಬೈಕಿನಲ್ಲಿ ಬರುತ್ತಿರುವವನು. ನಮಗೆ ನಗೆ ತರಿಸಿದ ಆ ವೈಪರ್ ಅವನ ಪಾಲಿಗೆ ಬಾರದೇ ಹೋದ ಸೂಚನೆ. ಅವನು ಯಾವ ಕಾರನ್ನೂ ಕೊಂಡಿಲ್ಲ, ಯಾವ ಕಂಪನಿಯ ಜೊತೆಗೂ ಒಪ್ಪಂದ ಮಾಡಿಕೊಂಡಿಲ್ಲ. 'ಇಷ್ಟವಿಲ್ಲದಿದ್ದರೆ ಕೊಳ್ಳಬೇಡಿ' ಎಂಬ ಮಾರುಕಟ್ಟೆಯ ಉತ್ತರ ಅವನ ಮುಂದೆ ನಿಲ್ಲುವುದಿಲ್ಲ.

ಯಾರು ಯಾರಿಗೆ ಹೊಂದಿಕೊಳ್ಳಬೇಕು ಎಂಬುದು ಬಹಳ ಸಲ ಶಕ್ತಿಯ ಪ್ರಶ್ನೆಯೂ ಹೌದು. ಸ್ವೀಡನ್ನಿನಲ್ಲಿ ಜನ ಎಡಬದಿಯಲ್ಲಿ ಓಡಿಸುತ್ತಿದ್ದರೂ ಹೆಚ್ಚಿನ ಕಾರುಗಳ ಸ್ಟೀರಿಂಗ್ ಎಡಕ್ಕೇ ಇತ್ತು. ಬಲಬದಿಗೆ ಬದಲಾಗುವುದನ್ನು 1955ರ ಜನಮತಗಣನೆಯಲ್ಲಿ ಬಹುಮತದಿಂದ ತಳ್ಳಿಹಾಕಿದ್ದರೂ ಸರ್ಕಾರ 1967ರ ಸೆಪ್ಟೆಂಬರ್ 3ರಂದು ಇಡೀ ದೇಶವನ್ನು ಬಲಕ್ಕೆ ತಿರುಗಿಸಿತು. ಸಮೋವಾ 2009ರ ಸೆಪ್ಟೆಂಬರಿನಲ್ಲಿ ಬಲದಿಂದ ಎಡಕ್ಕೆ ಬಂತು. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಿಂದ ಅಗ್ಗದ ಹಳೆಯ ಕಾರುಗಳನ್ನು ತರಿಸಿಕೊಳ್ಳಲು ಅನುಕೂಲವಾಗಲೆಂದು ಆ ಪುಟ್ಟ ದ್ವೀಪದೇಶ ತನ್ನ ರಸ್ತೆಯನ್ನೇ ಬದಲಿಸಿಕೊಂಡಿತು. ಎರಡೂ ಕಡೆ ಕಾರಿಗಾಗಿ ರಸ್ತೆ ಬದಲಾಯಿತು.

ತಾಳಕ್ಕೆ ತಕ್ಕಂತೆ ಕುಣಿಯಬೇಕು ಎನ್ನುತ್ತೇವೆ. ತಾಳ ಹಾಕುವವರು ಯಾರು ಎಂದು ಕೇಳುವುದು ಕಡಿಮೆ. ಪುಣೆಗೆ ಬಂದ ನಾವು ಮರಾಠಿ ಕಲಿತೆವು, ಚೆನ್ನೈಗೆ ಹೋದವರು ತಮಿಳು ಕಲಿತರು. ಅದು ನ್ಯಾಯವೇ, ಏಕೆಂದರೆ ಬೇರೆಯವರ ಮನೆಗೆ ಹೋದವರು ನಾವು. ಅದೇ ನಿಯಮ ನಮ್ಮ ರಸ್ತೆಗೆ ಬಂದ ಕಾರಿಗೂ ಅನ್ವಯಿಸಬೇಕಲ್ಲವೇ? ಬಂದವರು ಹೊಂದಿಕೊಳ್ಳಬೇಕು ಎಂಬ ಮಾತನ್ನು ಬಡಪಾಯಿ ವಲಸಿಗನಿಗೆ ಹೇಳುವಷ್ಟು ಸಲೀಸಾಗಿ ದೊಡ್ಡ ಕಂಪನಿಗೆ ಹೇಳುವುದಿಲ್ಲ ಎಂಬುದೇ ನನ್ನ ತಕರಾರು.

ಹಾಗೆಂದು ಬಲಗೈಯನ್ನು ಅಭಿಮಾನದ ವಿಷಯ ಮಾಡಬೇಕಿಲ್ಲ. ಗೇರ್ ಬದಲಿಸುವ ಕೈ ಯಾವುದು ಎಂಬುದೇ ನನ್ನ ವಾದದ ಬೇರು. ಆಟೊಮ್ಯಾಟಿಕ್ ಮತ್ತು ಎಲೆಕ್ಟ್ರಿಕ್ ಕಾರುಗಳಲ್ಲಿ ಎಡಗೈಗೂ ಬಿಡುವಿದೆ. ಎಲ್ಲ ಕಾರುಗಳೂ ಹಾಗಾದ ದಿನ ಆ ಬೇರು ಒಣಗುತ್ತದೆ. ಆಗ ಜಗತ್ತಿಗೆಲ್ಲ ಎಡಕ್ಕೇ ಇರಲಿ ಎಂದರೆ ನನ್ನ ಅಭ್ಯಂತರವಿಲ್ಲ. ಆದರೆ ಒಂದೇ ದೇಶದ ಒಂದೇ ರಸ್ತೆಯಲ್ಲಿ ಕೆಲವು ಕಾರುಗಳಿಗೆ ಎಡ, ಉಳಿದವಕ್ಕೆ ಬಲ ಎಂಬ ಈಗಿನ ಸ್ಥಿತಿಗೆ ಏಕರೂಪತೆಯ ಲಾಭವೂ ಇಲ್ಲ, ಅನುಕೂಲದ ಲಾಭವೂ ಇಲ್ಲ. ಅದನ್ನು ತಯಾರಕರ ಇಷ್ಟಕ್ಕೆ ಬಿಡುವುದು ತಪ್ಪು. ಎಡವೋ ಬಲವೋ, ನಿಯಮ ಒಂದನ್ನು ಗೊತ್ತುಮಾಡಬೇಕು. ಗೇರ್ ಇರುವ ತನಕ ಅದು ಬಲವಾಗಿರಬೇಕು.

ಅಲ್ಲಿಯವರೆಗೆ ನಮ್ಮ ಪಾಲಿಗೆ ಒಂದು ಸಣ್ಣ ಕರ್ತವ್ಯ ಉಳಿಯುತ್ತದೆ. ಕೀಲಿಯನ್ನು ಇನ್ನೊಬ್ಬರ ಕೈಗೆ ಕೊಡುವಾಗ ಒಂದು ಮಾತು ಹೇಳಬಹುದು: 'ಅಣ್ಣಾ, ಈ ಗಾಡೀಲಿ ಇಂಡಿಕೇಟರ್ ಎಡಕ್ಕಿದೆ, ನೋಡ್ಕೊಳ್ಳಿ.' ಕೋಟಿಗಟ್ಟಲೆ ವ್ಯವಹಾರದ ಕಂಪನಿ ಅವನ ತಲೆಗೆ ಹೊರಿಸಿದ ಹೊರೆಯಲ್ಲಿ ಅಷ್ಟನ್ನಾದರೂ ನಾವು ಹಂಚಿಕೊಂಡಂತಾಗುತ್ತದೆ.