ಅಂಚಿನಲ್ಲಿ ನಿಂತವರು

ಮೊಬೈಲನ್ನು ಅಡ್ಡ ಹಿಡಿದು ತೆಗೆದ ಫೋಟೊ ಸಾಮಾನ್ಯವಾಗಿ 4:3ರ ಅಳತೆಯದು. ಈಗಿನ ಬಹುಪಾಲು ಕಂಪ್ಯೂಟರ್ ಪರದೆಗಳ ಅಳತೆ 16:9. ಆ ಫೋಟೊವನ್ನು ಪರದೆಯ ತುಂಬ ವಾಲ್‌ಪೇಪರ್ ಮಾಡಿಕೊಳ್ಳಬೇಕೆಂದರೆ ಅದರ ಕಾಲುಭಾಗವನ್ನು ಬಿಟ್ಟುಕೊಡಲೇಬೇಕು. 4000 ಪಿಕ್ಸೆಲ್ ಅಗಲ, 3000 ಪಿಕ್ಸೆಲ್ ಎತ್ತರದ ಚಿತ್ರದಲ್ಲಿ ಉಳಿಯುವ ಎತ್ತರ 2250 ಮಾತ್ರ. ಮೊಬೈಲನ್ನು ನೆಟ್ಟಗೆ ಹಿಡಿದು ತೆಗೆದಿದ್ದರಂತೂ ಅರ್ಧಕ್ಕಿಂತ ಹೆಚ್ಚು ಹೋಗುತ್ತದೆ. ಆಕಾಶ ಹೋಗಬೇಕೋ ನೆಲ ಹೋಗಬೇಕೋ, ಹಿಂದಿನ ಸಾಲಿನಲ್ಲಿ ನಿಂತವರ ತಲೆ ಹೋಗಬೇಕೋ ಮುಂದೆ ಚಾಪೆಯ ಮೇಲೆ ಕೂತ ಮಕ್ಕಳು ಹೋಗಬೇಕೋ? ಇದನ್ನು ಯಾರಾದರೂ ತೀರ್ಮಾನಿಸಬೇಕು. ನಾವು ತೀರ್ಮಾನಿಸದಿದ್ದರೆ ಕಂಪ್ಯೂಟರೇ ತೀರ್ಮಾನಿಸುತ್ತದೆ.

ಜಗತ್ತಿನಲ್ಲಿ ಅತಿ ಹೆಚ್ಚು ಜನ ನೋಡಿರಬಹುದಾದ ವಾಲ್‌ಪೇಪರ್‌ಗೆ ಈ ಕಷ್ಟ ಅಷ್ಟಾಗಿ ಬರಲಿಲ್ಲ. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯ ಆ ಹಸಿರು ದಿಣ್ಣೆ, ನೀಲಿ ಆಕಾಶ ಎಲ್ಲರಿಗೂ ನೆನಪಿದೆ. ನಮ್ಮೂರುಗಳ ಸೈಬರ್ ಕೆಫೆಗಳಲ್ಲಿ, ಶಾಲೆಯ ಕಂಪ್ಯೂಟರ್ ಕೊಠಡಿಗಳಲ್ಲಿ ಮೌಸ್ ಹಿಡಿಯಲು ಕಲಿತ ಒಂದು ತಲೆಮಾರು ಕಂಡ ಮೊದಲ ಪರದೆಯೇ ಅದು. ಬಣ್ಣ ಬಳಿದ ಚಿತ್ರವೆಂದೇ ಬಹಳ ಮಂದಿ ಅಂದುಕೊಂಡಿದ್ದರು. ಅದು ನಿಜವಾದ ಜಾಗ. ಚಾರ್ಲ್ಸ್ ಓರಿಯರ್ ಎಂಬ ಛಾಯಾಗ್ರಾಹಕರು 1996ರಲ್ಲಿ ಕ್ಯಾಲಿಫೋರ್ನಿಯಾದ ಸೊನೋಮಾ ಪ್ರಾಂತ್ಯದ ರಸ್ತೆ ಬದಿಯಲ್ಲಿ ಕಾರು ನಿಲ್ಲಿಸಿ, ಫಿಲ್ಮ್ ಕ್ಯಾಮೆರಾದಲ್ಲಿ ತೆಗೆದದ್ದು. ಅಲ್ಲಿ ಮೊದಲು ದ್ರಾಕ್ಷಿ ತೋಟವಿತ್ತು. ಬೇರಿಗೆ ಕೀಟ ಬಿದ್ದು ಬಳ್ಳಿಗಳನ್ನು ಕಿತ್ತ ಮೇಲೆ, ಮಳೆಗೆ ಹುಲ್ಲು ಚಿಗುರಿತ್ತು.

ಆ ಚಿತ್ರ ವಾಲ್‌ಪೇಪರಾಗಿ ಗೆದ್ದದ್ದಕ್ಕೆ ಕಾರಣ ಅದರ ಖಾಲಿತನ. ಎಡಗಡೆ ಐಕಾನುಗಳ ಸಾಲು ನಿಂತರೂ ಯಾರ ಮುಖವೂ ಮುಚ್ಚುವುದಿಲ್ಲ. ಓರಿಯರ್ ಬಳಸಿದ ಕ್ಯಾಮೆರಾದ ಚೌಕಟ್ಟು ಅಂದಿನ 4:3 ಪರದೆಗಿಂತ ತುಸು ಹೆಚ್ಚು ಚೌಕ. ಹಾಗಾಗಿ ಕತ್ತರಿ ಆಡಲೇಬೇಕಿತ್ತು. ಆದರೆ ಒಂದಿಷ್ಟು ಹುಲ್ಲು, ಒಂದಿಷ್ಟು ಮೋಡ ಹೋದರೆ ಕೇಳುವವರು ಯಾರು?

ನಮಗೆ ಬೇಕಾದ ಚಿತ್ರಗಳು ಹಾಗಿರುವುದಿಲ್ಲ. ಶ್ರವಣಬೆಳಗೊಳದ ಗೊಮ್ಮಟನನ್ನೇ ತೆಗೆದುಕೊಳ್ಳಿ. ಸುಮಾರು 58 ಅಡಿ ಎತ್ತರದ ನಿಂತ ಮೂರ್ತಿ. ಅದರ ಎದುರು ಎಲ್ಲರೂ ಮೊಬೈಲನ್ನು ನೆಟ್ಟಗೇ ಹಿಡಿಯುತ್ತಾರೆ. ಮನೆಗೆ ಬಂದು ಕಂಪ್ಯೂಟರಿಗೆ ಹಾಕಿದಾಗ ವಿಂಡೋಸ್ ಕೆಲವು ದಾರಿ ತೋರಿಸುತ್ತದೆ. ಫಿಲ್ ಎಂದರೆ ಪರದೆ ತುಂಬುವವರೆಗೆ ಚಿತ್ರವನ್ನು ಬೆಳೆಸಿ, ಹೆಚ್ಚಾದದ್ದನ್ನು ಕತ್ತರಿಸುತ್ತದೆ. ಮೂರ್ತಿ ಫೋಟೊದ ತುಂಬ ಇದ್ದರೆ ಮುಖವೂ ಇಲ್ಲ, ಪಾದವೂ ಇಲ್ಲ. ಬಳ್ಳಿ ಹಬ್ಬಿದ ನಡುಭಾಗ ಮಾತ್ರ. ಸ್ಟ್ರೆಚ್ ಎಂದರೆ ಏನನ್ನೂ ಕತ್ತರಿಸದೆ ಎಳೆದು ಹಿಗ್ಗಿಸುತ್ತದೆ. ಆಗ ಎತ್ತರಕ್ಕೆ ಹೋಲಿಸಿದರೆ ಅಗಲ ಎರಡು ಪಟ್ಟಿಗೂ ಮಿಕ್ಕಿ, ಗೊಮ್ಮಟ ಪೈಲ್ವಾನನಾಗುತ್ತಾನೆ. ತಾಳಮಾನದ ಲೆಕ್ಕ ಹಿಡಿದು ಅಂಗಾಂಗ ಅಳೆದು ಕಡೆದ ಶಿಲ್ಪಿಯ ಶ್ರಮವನ್ನು ಒಂದು ಕ್ಲಿಕ್ ಕೆಡಿಸುತ್ತದೆ. ಮೂರನೆಯದು ಫಿಟ್. ಇದರಲ್ಲಿ ಚಿತ್ರ ಪೂರ್ತಿ ಉಳಿದು, ಎರಡೂ ಬದಿಗೆ ಖಾಲಿ ಪಟ್ಟಿ ಬರುತ್ತದೆ.

ನಾಲ್ಕನೆಯ ದಾರಿಯೊಂದಿದೆ, ಅದನ್ನು ನಾವೇ ನಡೆಯಬೇಕು. ಕ್ರಾಪ್ ಮಾಡುವ ಚೌಕಟ್ಟನ್ನು 16:9ಕ್ಕೆ ಕಟ್ಟಿಹಾಕಿ, ಚಿತ್ರದ ಮೇಲೆ ಅತ್ತಿತ್ತ ಸರಿಸುತ್ತ ಹುಡುಕುವುದು. ಗೊಮ್ಮಟನ ಮುಖ ಮತ್ತು ಹೆಗಲಷ್ಟೇ ಸಾಕೆನಿಸಬಹುದು. ಮುಖ ಬಲಕ್ಕಿರಲಿ, ಎಡಕ್ಕೆ ಐಕಾನುಗಳಿಗೆ ಆಕಾಶವಿರಲಿ ಎಂದು ಹಂಚಬಹುದು. ಮೊದಲು ಕತ್ತರಿಸಿ, ಆಮೇಲೆ ಪರದೆಯ ಅಳತೆಗೆ, ಅಂದರೆ ಸಾಮಾನ್ಯವಾಗಿ 1920×1080ಕ್ಕೆ ಇಳಿಸಬೇಕು. ಇಳಿಸುವುದು ಸುಲಭ, ಏರಿಸುವುದು ಕಷ್ಟ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಚಿತ್ರ ಆಗಲೇ ಕುಗ್ಗಿರುತ್ತದೆ. ಅದನ್ನು ದೊಡ್ಡ ಪರದೆಗೆ ಹಿಗ್ಗಿಸಿದರೆ ಇರುವ ಹಿಟ್ಟಿನಲ್ಲೇ ರೊಟ್ಟಿಯನ್ನು ಅಗಲ ಮಾಡಿದ ಹಾಗೆ, ತೆಳ್ಳಗಾಗಿ ಮಸುಕಾಗುತ್ತದೆ. ಇಲ್ಲದ ಪಿಕ್ಸೆಲ್‌ಗಳನ್ನು ಕಂಪ್ಯೂಟರ್ ಅಕ್ಕಪಕ್ಕದವನ್ನು ನೋಡಿ ಊಹಿಸಿ ತುಂಬುತ್ತದೆ. ಊಹೆಯಿಂದ ವಿವರ ಹುಟ್ಟುವುದಿಲ್ಲ.

ಇಷ್ಟು ಲೆಕ್ಕ, ಇಷ್ಟು ಕೈಚಳಕ ಯಾರಿಗಾದರೂ ಬೇಗ ಒಗ್ಗುತ್ತದೆ. ಕಷ್ಟವಿರುವುದು ಮನುಷ್ಯರಿರುವ ಚಿತ್ರಗಳಲ್ಲಿ. ಯಾವ ಗುಂಪಿನ ಫೋಟೊ ನೋಡಿದರೂ ನಡುವೆ ಇರುವವರು ಯಾರೆಂದು ಹೇಳಬಹುದು: ಮದುಮಕ್ಕಳು, ಯಜಮಾನರು, ಬಹುಮಾನ ಪಡೆದವರು. ಅಂಚಿನಲ್ಲಿ ನಿಲ್ಲುವವರು ತಡವಾಗಿ ಬಂದವರು, ಸಂಕೋಚದವರು, ಮಗುವನ್ನೆತ್ತಿಕೊಂಡವರು, ಅಡುಗೆಮನೆಯಿಂದ ಸೆರಗಿಗೆ ಕೈ ಒರೆಸಿಕೊಂಡು ಓಡಿ ಬಂದವರು. ಚೌಕಟ್ಟಿಗೆ ಹೊಂದಿಸುವ ಕತ್ತರಿ ಮೊದಲು ತಾಗುವುದು ಅವರಿಗೇ. ಕತ್ತರಿಸುವವನಿಗೆ ಕೆಡುಕಿನ ಮನಸ್ಸು ಬೇಕಿಲ್ಲ, ಚಂದ ಮಾಡುವ ಅವಸರ ಇದ್ದರೆ ಸಾಕು.

2020ರ ಜನವರಿಯಲ್ಲಿ ಸ್ವಿಟ್ಜರ್ಲೆಂಡಿನ ದಾವೋಸ್‌ನಲ್ಲಿ ಇದು ಇಡೀ ಜಗತ್ತಿಗೆ ಕಾಣುವಂತೆ ನಡೆಯಿತು. ಹವಾಮಾನ ಬದಲಾವಣೆಯ ವಿರುದ್ಧ ದನಿಯೆತ್ತಿದ ಐವರು ತರುಣಿಯರು ಅಲ್ಲಿ ಒಟ್ಟಿಗೆ ನಿಂತಿದ್ದರು. ಅವರಲ್ಲಿ ಗ್ರೇಟಾ ಥನ್‌ಬರ್ಗ್ ಇದ್ದರು. ತುದಿಯಲ್ಲಿದ್ದವರು ಉಗಾಂಡಾದ ವನೆಸ್ಸಾ ನಕಾಟೆ. ಐವರಲ್ಲಿ ಆಫ್ರಿಕಾದವರು ಅವರೊಬ್ಬರೇ. ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆ ಹಂಚಿದ ಚಿತ್ರದಲ್ಲಿ ನಾಲ್ವರೇ ಉಳಿದಿದ್ದರು. ನನ್ನನ್ನು ಯಾಕೆ ತೆಗೆದಿರಿ ಎಂದು ನಕಾಟೆ ಬಹಿರಂಗವಾಗಿಯೇ ಕೇಳಿದರು. ಆಕೆಯ ಹಿಂದಿದ್ದ ಕಟ್ಟಡ ಕಣ್ಣಿಗೆ ಅಡ್ಡ ಬರುತ್ತಿತ್ತು, ಚಿತ್ರದ ಅಂದಕ್ಕಾಗಿ ಕತ್ತರಿಸಿದ್ದೆಂದು ಸಂಸ್ಥೆ ಮೊದಲು ವಿವರಿಸಿತು. ಬಳಿಕ ಅದರ ಸಂಪಾದಕಿ ಕ್ಷಮೆ ಕೇಳಿದರು. ಕಟ್ಟಡದ ಕಾರಣ ನಿಜವೇ ಇರಬಹುದು. ಕಟ್ಟಡದ ಜೊತೆಗೆ ಒಂದು ಖಂಡದ ದನಿಯೂ ಹೋಗುತ್ತಿದೆ ಎಂಬುದು ಕತ್ತರಿಸಿದವರಿಗೆ ಹೊಳೆಯಲಿಲ್ಲ.

ಮನೆಯ ಡೆಸ್ಕ್‌ಟಾಪ್ ಸುದ್ದಿಸಂಸ್ಥೆಯಷ್ಟು ದೊಡ್ಡ ವೇದಿಕೆಯಲ್ಲ, ನಿಜ. ಆದರೆ ನಾವು ದಿನವೂ ಬೆಳಿಗ್ಗೆ ನೋಡುವ ಚಿತ್ರವೇ ನಿಧಾನಕ್ಕೆ ನಮ್ಮ ನೆನಪಾಗಿ ನಿಲ್ಲುತ್ತದೆ. ಗೃಹಪ್ರವೇಶದ ಆ ದಿನ ಯಾರಿದ್ದರು ಎಂದರೆ ಪರದೆಯ ಮೇಲಿರುವವರೇ ಮೊದಲು ನೆನಪಾಗುತ್ತಾರೆ. ಹತ್ತು ವರ್ಷ ಕಳೆದ ಮೇಲೆ ಮೂಲ ಫೋಟೊ ಎಲ್ಲಿದೆಯೆಂದು ಹುಡುಕುವ ತಾಳ್ಮೆ ಯಾರಿಗೂ ಇರುವುದಿಲ್ಲ. ಅದರ ಮೇಲೆಯೇ ಕತ್ತರಿಸಿ ಸೇವ್ ಮಾಡಿದ್ದರಂತೂ ಹುಡುಕಿಯೂ ಫಲವಿಲ್ಲ.

ಆದ್ದರಿಂದ ಎರಡು ಅಭ್ಯಾಸ ಇಟ್ಟುಕೊಳ್ಳಿ. ಕತ್ತರಿಸುವುದು, ಕುಗ್ಗಿಸುವುದು ಏನಿದ್ದರೂ ಪ್ರತಿಯ ಮೇಲೆ ನಡೆಯಲಿ, ಮೂಲ ಹಾಗೇ ಇರಲಿ. ಕತ್ತರಿಸುವ ಮುನ್ನ ನಡುವಿನ ಮುಖಗಳನ್ನು ಬಿಟ್ಟು ನಾಲ್ಕೂ ಅಂಚುಗಳನ್ನು ಒಮ್ಮೆ ನೋಡಿ, ಅಲ್ಲಿ ಯಾರಾದರೂ ಇದ್ದಾರೆಯೇ ಎಂದು. ಹುಲ್ಲು, ಮೋಡ, ಗೋಡೆ ಇದ್ದರೆ ಧಾರಾಳವಾಗಿ ಕತ್ತರಿಸಿ. ಮನುಷ್ಯರಿದ್ದರೆ ಫಿಟ್ ಒತ್ತಿ. ಪರದೆಯ ಎರಡು ಬದಿಗೆ ಕಪ್ಪು ಪಟ್ಟಿ ಉಳಿದರೆ ಉಳಿಯಲಿ, ಮೂಲೆಯಲ್ಲಿ ನಿಂತ ಅಜ್ಜಿ ಪೂರ್ತಿ ಕಾಣಲಿ.