ಹೆಬ್ಬೆರಳಿನ ಲೆಕ್ಕ

2011ರ ರಮಝಾನಿನಲ್ಲಿ ಮಾನ್ವಿಯ ಒಂದು ಅಕ್ಕಿ ಗಿರಣಿಯಲ್ಲಿ ಕುಳಿತು ನಾನೊಂದು ರಾಜಿಪತ್ರ ಬರೆದುಕೊಟ್ಟೆ. ಉರ್ದು, ಕನ್ನಡ ಎರಡೂ ಬಲ್ಲವನು, ಅಕ್ಷರ ದುಂಡಗಿವೆ ಎಂದು ಇಂಥ ಕೆಲಸಕ್ಕೆ ನನ್ನನ್ನು ಕರೆಯುತ್ತಿದ್ದರು. ಯಂತ್ರದ ಪಟ್ಟಾಕ್ಕೆ ಸಿಕ್ಕು ಬಲಗೈಯ ಹೆಬ್ಬೆರಳು ಕಳೆದುಕೊಂಡವನು ದೇವದುರ್ಗದ ಕಡೆಯವನು, ಮೂವತ್ತರ ಪ್ರಾಯ. ನದಾಫ ಮನೆತನ, ಮನೆಮಾತು ಕನ್ನಡ. ಪಗಾರ ತಿಂಗಳಿಗೆ ನಾಲ್ಕು ಸಾವಿರ. ಮಾಲಕರು ಆಸ್ಪತ್ರೆಯ ಖರ್ಚು ನೋಡಿಕೊಂಡಿದ್ದರು, ಮೇಲೆ ಇಪ್ಪತ್ತೈದು ಸಾವಿರ ಕೊಟ್ಟರು. ಮುಂದೆ ಯಾವ ತಕರಾರೂ ಇಲ್ಲವೆಂದು ನಾನು ಬರೆದೆ, ಅವನು ಎಡಗೈ ಹೆಬ್ಬೆಟ್ಟು ಒತ್ತಿದ. ಹೊರಡುವಾಗ ಮಾಲಕರು ಮೆಲ್ಲಗೆ, ಈ ಹಣ ಈ ವರ್ಷದ ಝಕಾತಿನ ಲೆಕ್ಕಕ್ಕೆ ಎಂದರು. ಅವರು ಕೆಟ್ಟವರಲ್ಲ. ಕಷ್ಟವಿರುವುದೇ ಅಲ್ಲಿ.

ರಾಯಚೂರಿನ ವಕೀಲ ಮಿತ್ರರೊಬ್ಬರು ಆಮೇಲೆ ಲೆಕ್ಕ ಹಾಕಿ ತೋರಿಸಿದರು. 1923ರ ನಷ್ಟಪರಿಹಾರ ಕಾಯ್ದೆಯ ಪಟ್ಟಿಯಲ್ಲಿ ಹೆಬ್ಬೆರಳು ಹೋದರೆ ಗಳಿಕೆಯ ಶಕ್ತಿ ಶೇ. 30 ನಷ್ಟ, ತೋರುಬೆರಳಿಗೆ 14, ಕಿರುಬೆರಳಿಗೆ 7. ಪಗಾರದ ಶೇ. 60ನ್ನು ಮೂವತ್ತರ ವಯಸ್ಸಿನ ಅಂಕ 207.98ರಿಂದ ಗುಣಿಸಿ, ಅದರಲ್ಲಿ ಶೇ. 30 ತೆಗೆದರೆ 1,49,745 ರೂಪಾಯಿ. ಹಕ್ಕನ್ನು ಬಿಟ್ಟುಕೊಡುವ ಯಾವ ಕರಾರೂ ಆ ಕಾಯ್ದೆಯ ಮುಂದೆ ಅಸಿಂಧು. ನನ್ನ ದುಂಡಕ್ಷರದ ಕಾಗದಕ್ಕೆ ಅಂದೇ ಬೆಲೆಯಿರಲಿಲ್ಲ. 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆ ಆ ಕಾಯ್ದೆಯ ಜಾಗ ಹಿಡಿದಿದೆ. ಬೆರಳುಗಳ ಪಟ್ಟಿ ಅದರಲ್ಲೂ ಇದೆ.

ನಮ್ಮ ಫಿಕ್ಹ್‌ನಲ್ಲಿ ಹೀಗಿಲ್ಲ. ದಿಯತ್‌ನ ಲೆಕ್ಕದಲ್ಲಿ ಒಂದು ಬೆರಳಿಗೆ ಹತ್ತು ಒಂಟೆ. ಹೆಬ್ಬೆರಳೂ ಕಿರುಬೆರಳೂ ಸಮಾನವೆಂದು ಪ್ರವಾದಿ(ಸ) ತಿಳಿಸಿದ್ದಾರೆ. ಕಾಯ್ದೆಯ ಪ್ರಶ್ನೆ, ಈ ಕೈ ಇನ್ನೆಷ್ಟು ದುಡಿದೀತು ಎಂಬುದು. ಫಿಕ್ಹ್ ನೋಡುವುದು ಮನುಷ್ಯನಿಂದ ಏನು ತುಂಡಾಯಿತು ಎಂಬುದನ್ನು. ಎರಡನೆಯದೇ ದೊಡ್ಡದೆಂದು ನಾನು ಬಹಳ ದಿನ ಹೆಮ್ಮೆಪಟ್ಟಿದ್ದೆ. ಆದರೆ ಬೆರಳಿಗೆ ಶೇಕಡಾವಾರು ಬೆಲೆ ಕಟ್ಟಿದ ಆ ಒಣ ಪಟ್ಟಿ ಅವನಿಗೆ ಒಂದೂವರೆ ಲಕ್ಷದ ಸನಿಹ ಕೊಡುತ್ತಿತ್ತು. ಸಮಾನತೆಯ ಮಾತಾಡುವ ನಾವು ಕೊಟ್ಟದ್ದು ಇಪ್ಪತ್ತೈದು ಸಾವಿರ, ಅದೂ ಝಕಾತಿನಿಂದ.

ಝಕಾತಿನಿಂದ ತನ್ನ ಸ್ವಂತ ಸಾಲ ತೀರಿಸಿಕೊಳ್ಳಲು ಬರುವುದಿಲ್ಲ. ಮದರಸಾದ ಮಗುವಿಗೂ ಇದು ಗೊತ್ತು. ಗಿರಣಿಯಲ್ಲಿ ಕತ್ತರಿಸಿಹೋದ ಬೆರಳು ಮಾಲಕರ ಮೇಲಿನ ಸಾಲವೇ. ಹಕ್ಕು ಎಂಬ ಶಬ್ದ ಕನ್ನಡಕ್ಕೆ ಬಂದದ್ದು ಅರಬಿಯ 'ಹಕ್'ನಿಂದ. ಶಬ್ದ ಕೊಟ್ಟವರೇ ಅದನ್ನು ಸದಖಾ ಎಂದು ತಿದ್ದಿ ಬರೆದರೆ ಹೇಗೆ? ನಾನೂ ಬರೆದವನೇ.

ಹಕ್ಕಾದರೆ ಪಡೆದವನು ತಲೆ ಎತ್ತಿ ಎಣಿಸಿಕೊಳ್ಳುತ್ತಾನೆ, ಕಡಿಮೆಯಾದರೆ ಕೇಳುತ್ತಾನೆ. ದಾನವಾದರೆ ಕೇಳುವುದೇ ಕೃತಘ್ನತೆ. ಅರ್ಜಿಗೆ ಎರಡು ವರ್ಷದ ಗಡುವು. ನಾನು ಅವನನ್ನು ಹುಡುಕಿಕೊಂಡು ಹೋದಾಗ ಮೂರನೆಯ ವರ್ಷ ನಡೆದಿತ್ತು. ತಕ್ಕ ಕಾರಣವಿದ್ದರೆ ತಡವಾದ ಅರ್ಜಿಯನ್ನೂ ಆಯುಕ್ತರು ತೆಗೆದುಕೊಳ್ಳಬಹುದು, ವಕೀಲರು ಸಿದ್ಧರಿದ್ದಾರೆ ಎಂದೆ. ಅವನು ನಕ್ಕ.

"ಸಾವ್ಕಾರ್ರು ರಮಜಾನ್ದಾಗ ಕರದು ಕೊಟ್ಟಾರ ಭಾಯ್. ಅವ್ರ ಮ್ಯಾಲ ಕೇಸ್ ಹಾಕಿದ್ರ ಮಂದಿ ಏನಂತಾರ? ನೀವ ಬರದೀರಿ, ತಕರಾರ ಇಲ್ಲಂತ."

ಹೆಂಡತಿ ಚಹಾ ತಂದಳು. ಅವನು ಲೋಟವನ್ನು ನಾಲ್ಕು ಬೆರಳು ಮತ್ತು ಅಂಗೈ ನಡುವೆ ಒತ್ತಿ ಹಿಡಿದುಕೊಂಡ.